ಟರ್ನಿಪ್‌ನ ಘಾಟು ಇಳಿಸುವ ಬಗೆ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ತರಕಾರಿ ಅಂಗಡಿಗಳಲ್ಲಿ ಮೂಲಂಗಿ, ಬೀಟ್‌ರೂಟ್‌ಗಳ ಪಕ್ಕ ಇನ್ನೊಂದು ಬುಟ್ಟಿ ಬಂದು ಕೂರುತ್ತದೆ. ಮೇಲೆ ನೇರಳೆ, ಕೆಳಗೆ ಬಿಳಿ, ಬುಡದಲ್ಲಿ ಇಲಿಯ ಬಾಲದಂಥ ಬೇರು. ಟರ್ನಿಪ್ ಅದು. ನವಿಲುಕೋಸಿನ ಹೊಸ ತಳಿ ಇರಬೇಕೆಂದು ಒಮ್ಮೆ ಕೊಂಡವರು ಎರಡನೇ ಸಲ ಆ ಬುಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ತಪ್ಪು ಗೆಡ್ಡೆಯದಲ್ಲ, ಕುಕ್ಕರ್‌ನದು. ನಾನೂ ಮೊದಲ ಸಲ ಬೇಳೆಯ ಜೊತೆ ಹಾಕಿ ಮೂರು ಸೀಟಿ ಕೂಗಿಸಿದ್ದೆ. ಮುಚ್ಚಳ ತೆಗೆದಾಗ ಎದ್ದ ವಾಸನೆಗೆ, ಗ್ಯಾಸ್ ಸೋರುತ್ತಿದೆಯೇನೋ ಎಂದು ಮನೆಯವರು ಅಡುಗೆಮನೆಗೆ ಓಡಿಬಂದರು.

ನವಿಲುಕೋಸೂ ಇದೂ ಒಂದೇ ಪ್ರಭೇದವಲ್ಲ. ನವಿಲುಕೋಸು ಎಲೆಕೋಸು, ಹೂಕೋಸುಗಳ ಜಾತಿಗೆ ಸೇರಿದ್ದು. ಅದು ನೆಲದ ಮೇಲೆ ಊದಿಕೊಂಡ ಕಾಂಡ; ಮೈತುಂಬ ಎಲೆ ಕಳಚಿದ ಗುರುತುಗಳಿರುವುದು ಅದಕ್ಕೇ. ಟರ್ನಿಪ್ ಊದಿಕೊಳ್ಳುವುದು ಬೇರಿನ ಕಡೆ. ಮಣ್ಣಿನಿಂದ ಆಚೆ ತಲೆ ಹಾಕಿದ ಭಾಗಕ್ಕೆ ಬಿಸಿಲು ತಾಗಿ ನೇರಳೆ ಬಣ್ಣ ಬರುತ್ತದೆ, ಒಳಗಿದ್ದದ್ದು ಬಿಳಿಯಾಗಿಯೇ ಉಳಿಯುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಚೈನೀಸ್ ಕ್ಯಾಬೇಜ್, ಬಾಕ್ ಚಾಯ್, ಉತ್ತರ ಭಾರತದ ಹಳದಿ ಸಾಸಿವೆ, ಟರ್ನಿಪ್ ಎಲ್ಲವೂ ಒಂದೇ ಪ್ರಭೇದ. ಹಸಿ ಹೋಳು ಕಚ್ಚಿದರೆ ಮೂಗಿನ ತುದಿಗೆ ಸಾಸಿವೆಯ ಚುರುಕು ತಾಗುವುದು ಈ ರಕ್ತಸಂಬಂಧದಿಂದ.

ಆ ಚುರುಕು ಕತ್ತರಿಸದ ಗೆಡ್ಡೆಯಲ್ಲಿ ಇರುವುದಿಲ್ಲ. ಕತ್ತರಿಸಿದ ಮೇಲೆ ಹುಟ್ಟುತ್ತದೆ. ಗೆಡ್ಡೆಯೊಳಗೆ ಗ್ಲುಕೋಸಿನೊಲೇಟ್ ಎಂಬ ಗಂಧಕದ ಸಂಯುಕ್ತಗಳು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿ ಇರುತ್ತವೆ. ಚಾಕು ತಾಗಿ ಜೀವಕೋಶ ಒಡೆದಾಗ ಎರಡೂ ಸೇರಿ ಘಾಟು ಏಳುತ್ತದೆ. ಇದು ನಮ್ಮ ಅಡುಗೆಮನೆಗೆ ಹೊಸ ವಿಷಯವೇನಲ್ಲ. ಹಸಿ ಸಾಸಿವೆಯನ್ನು ನೀರು ಹಾಕಿ ಅರೆದರೆ ಕಣ್ಣಲ್ಲಿ ನೀರು ಬರುತ್ತದೆ. ಅದೇ ಸಾಸಿವೆಯನ್ನು ಕಾದ ಎಣ್ಣೆಗೆ ಹಾಕಿ ಸಿಡಿಸಿದರೆ ಕಮ್ಮನೆ ಪರಿಮಳ ಬರುತ್ತದೆಯೇ ಹೊರತು ಘಾಟು ಬರುವುದಿಲ್ಲ. ಒಗ್ಗರಣೆಯ ಶಾಖಕ್ಕೆ ಕಿಣ್ವ ಸತ್ತುಹೋಗಿರುತ್ತದೆ.

ಟರ್ನಿಪ್ ಅಡುಗೆಯ ಗುಟ್ಟು ಇಷ್ಟೇ. ಘಾಟು ಬೇಡವಾದರೆ ದಪ್ಪ ಹೋಳು ಮಾಡಿ, ಹೆಚ್ಚಿದ ಕೂಡಲೇ ಕುದಿಯುವ ನೀರಿಗೋ ಕಾದ ಎಣ್ಣೆಗೋ ಹಾಕಬೇಕು. ಬೇಕಾದರೆ ತುರಿದು ಹತ್ತು ನಿಮಿಷ ಬಿಡಬೇಕು. ಬೆಳಿಗ್ಗೆ ಬೇಗ ಆಗಲೆಂದು ರಾತ್ರಿಯೇ ಹೆಚ್ಚಿ ಫ್ರಿಜ್‌ನಲ್ಲಿ ಇಡುವುದು ಮಾತ್ರ ಬೇಡ. ಹೆಚ್ಚು ಹೊತ್ತು ಬೇಯಿಸಿದರೆ ಇನ್ನೊಂದು ತೊಂದರೆ: ಗಂಧಕದ ಸಂಯುಕ್ತಗಳು ಒಡೆದು, ನಮ್ಮ ಮನೆಯವರನ್ನು ಓಡಿಸಿಕೊಂಡು ಬಂತಲ್ಲ, ಆ ವಾಸನೆ ಏಳುತ್ತದೆ. ಅರ್ಧ ಅಂಗುಲದ ಹೋಳುಗಳು ಕುದಿಯುವ ನೀರಿನಲ್ಲಿ ಎಂಟು ಹತ್ತು ನಿಮಿಷಕ್ಕೆ ಬೇಯುತ್ತವೆ. ಮುಚ್ಚಳ ತೆಗೆದೇ ಬೇಯಿಸಿ, ವಾಸನೆ ಆವಿಯ ಜೊತೆ ಹೋಗಲಿ.

ಇಷ್ಟಾದರೂ ಮನೆಯಲ್ಲಿ ಒಬ್ಬರಿಗೆ ಕಹಿ ಎನಿಸಿ ಇನ್ನೊಬ್ಬರಿಗೆ ಸಿಹಿಯೆನಿಸಿದರೆ ಜಗಳ ಬೇಡ, ಇಬ್ಬರೂ ಹೇಳುವುದು ನಿಜ. ಈ ಬಗೆಯ ಕಹಿಯನ್ನು ಗುರುತಿಸುವ ಒಂದು ಜೀನ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ.

ಕೊಳ್ಳುವಾಗ ಕ್ರಿಕೆಟ್ ಚೆಂಡಿಗಿಂತ ದೊಡ್ಡದನ್ನು ಮುಟ್ಟಬೇಡಿ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರ ಇರಬೇಕು. ಹಗುರಾಗಿದ್ದರೆ ಮೂಲಂಗಿಯ ಹಾಗೆ ಒಳಗೆ ಬೆಂಡಾಗಿದೆ ಎಂದು ಅರ್ಥ. ಸೊಪ್ಪು ಸಮೇತ ಸಿಕ್ಕರೆ ಅದೃಷ್ಟ. ಮನೆಗೆ ಬಂದ ಕೂಡಲೇ ಸೊಪ್ಪನ್ನು ಕತ್ತರಿಸಿ ಬೇರೆ ಇಡಿ, ಇಲ್ಲದಿದ್ದರೆ ಅದು ಗೆಡ್ಡೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಸಿಪ್ಪೆ ದಪ್ಪವಾಗಿಯೇ ಹೆರೆಯಬೇಕು. ಅಡ್ಡ ಕತ್ತರಿಸಿದರೆ ಅಂಚಿನಲ್ಲಿ ಒಂದು ಉಂಗುರ ಕಾಣುತ್ತದೆ, ನಾರೆಲ್ಲ ಅದರ ಆಚೆ. ಎಳೆಯ ಗೆಡ್ಡೆಗೆ ಇಷ್ಟು ಕಷ್ಟಪಡಬೇಕಾಗಿಲ್ಲ.

ನಮ್ಮ ಅಡುಗೆಗಳಲ್ಲಿ ಇದು ಚೆನ್ನಾಗಿ ಒಗ್ಗುವುದು ಹುಳಿಗೆ. ನಾಲ್ಕು ಜನರಿಗೆ ಕಾಲು ಕೆ.ಜಿ. ಟರ್ನಿಪ್ ಸಾಕು. ತೊಗರಿಬೇಳೆಯನ್ನು ಮಾತ್ರ ಕುಕ್ಕರ್‌ನಲ್ಲಿ ಬೇಯಿಸಿಕೊಳ್ಳಿ. ಇನ್ನೊಂದು ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು, ಚಿಟಿಕೆ ಅರಿಶಿನ ಹಾಕಿ ಹೋಳುಗಳನ್ನು ಬಿಡಿ. ಚಾಕುವಿನ ತುದಿ ಸಲೀಸಾಗಿ ಇಳಿದ ಮೇಲೆ ಹುಣಸೆ ರಸ ಸೇರಿಸಿ, ಅದಕ್ಕೆ ಮೊದಲು ಬೇಡ. ಹುಳಿ ಬಿದ್ದ ಮೇಲೆ ತರಕಾರಿ ಬೇಯುವುದಿಲ್ಲ ಎಂದು ಅಜ್ಜಿಯಂದಿರು ಹೇಳುತ್ತಿದ್ದದ್ದು ಸರಿಯೇ. ಹೋಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟು ಹುಳಿಯಲ್ಲಿ ಬೇಗ ಕರಗುವುದಿಲ್ಲ. ಆಮೇಲೆ ಬೇಳೆ, ಕಾಯಿತುರಿಯ ಜೊತೆ ರುಬ್ಬಿದ ಹುಳಿಪುಡಿ, ನೆಲ್ಲಿಕಾಯಿ ಗಾತ್ರದ ಬೆಲ್ಲ. ಈ ಬೆಲ್ಲವನ್ನು ಬಿಡಬೇಡಿ, ಉಳಿದಿರುವ ಕಹಿಯನ್ನು ಅದು ಮರೆಸುತ್ತದೆ. ಒಗ್ಗರಣೆಗೆ ಸಾಸಿವೆ, ಕರಿಬೇವು, ಧಾರಾಳವಾಗಿ ಇಂಗು.

ಪಲ್ಯಕ್ಕೆ ಕಬ್ಬಿಣದ ಬಾಣಲೆ ಒಳ್ಳೆಯದು. ಗೆಡ್ಡೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ ಇರುವುದರಿಂದ ಮೊದಲೇ ಉಪ್ಪು ಹಾಕಿದರೆ ನೀರು ಬಿಟ್ಟುಕೊಂಡು ಪಲ್ಯ ಮುದ್ದೆಯಾಗುತ್ತದೆ. ಎಣ್ಣೆ ಚೆನ್ನಾಗಿ ಕಾದ ಮೇಲೆ ಹೋಳು ಹಾಕಿ, ಅಂಚು ಕೆಂಪಾಗುವವರೆಗೆ ಬಿಟ್ಟು, ಕೊನೆಗೆ ಉಪ್ಪು, ಖಾರದ ಪುಡಿ ಉದುರಿಸಿ. ಸಕ್ಕರೆ ಕಾಯಿಲೆಯವರು ಆಲೂಗಡ್ಡೆಯ ಬದಲು ಇದನ್ನು ಬಳಸುವುದುಂಟು. 100 ಗ್ರಾಂ ಟರ್ನಿಪ್‌ನಲ್ಲಿ ಸುಮಾರು 28 ಕ್ಯಾಲೊರಿ, ಅಷ್ಟೇ ಆಲೂಗಡ್ಡೆಯಲ್ಲಿ ಹೆಚ್ಚುಕಡಿಮೆ 77. ಆದರೆ ಟರ್ನಿಪ್‌ನಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಇದರಿಂದ ಸಾಗು ಗಟ್ಟಿಯಾಗುವುದಿಲ್ಲ. ಒಂದು ಸಣ್ಣ ಆಲೂಗಡ್ಡೆಯನ್ನೋ ಒಂದು ಚಮಚ ಹುರಿಗಡಲೆ ಪುಡಿಯನ್ನೋ ಸೇರಿಸಲೇಬೇಕು. ಥೈರಾಯ್ಡ್ ತೊಂದರೆ ಇರುವವರು ಬೇಯಿಸಿ ಆಗೊಮ್ಮೆ ಈಗೊಮ್ಮೆ ತಿನ್ನಬಹುದು; ದಿನವೂ ಹಸಿಯಾಗಿ ತಿನ್ನುವ ಮೊದಲು ವೈದ್ಯರನ್ನು ಕೇಳಿ.

ಘಾಟನ್ನು ಇಷ್ಟಪಡುವವರಿಗೆ ಮಲೆನಾಡಿನ ಸಾಸಿವೆ ಇದೆ. ಸೌತೆಕಾಯಿಯಲ್ಲಿ ಮಾಡುವುದನ್ನೇ ಟರ್ನಿಪ್‌ನಲ್ಲಿ ಮಾಡುವುದು. ತುರಿದು, ಉಪ್ಪು ಬೆರೆಸಿ, ಹತ್ತು ನಿಮಿಷ ಬಿಟ್ಟು ಹಿಂಡಿ. ಹಸಿಕಾಯಿ, ಒಂದು ಹಸಿಮೆಣಸಿನಕಾಯಿ, ಅರ್ಧ ಚಮಚ ಹಸಿ ಸಾಸಿವೆ ಅರೆದು, ಮೊಸರಿನ ಜೊತೆ ಕಲಸಿ. ಸಾಸಿವೆ ಹೆಚ್ಚಾದರೆ ಕಹಿ. ಗೆಡ್ಡೆ, ಸಾಸಿವೆ ಎರಡರ ಘಾಟೂ ಒಂದೇ ಜಾತಿಯದಾದ್ದರಿಂದ ಯಾವುದು ಯಾವುದೆಂದು ನಾಲಿಗೆಗೆ ಗೊತ್ತಾಗುವುದಿಲ್ಲ.

ಸೊಪ್ಪನ್ನು ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಣ್ಣದ ಅಂಶ, ಜೀವಸತ್ವಗಳ ಲೆಕ್ಕದಲ್ಲಿ ಗೆಡ್ಡೆಗಿಂತ ಸೊಪ್ಪೇ ಮೇಲು. ಒಂದು ಪಾಲು ಇದಕ್ಕೆ ಎರಡು ಪಾಲು ದಂಟಿನ ಸೊಪ್ಪು ಬೆರೆಸಿ ಬಸ್ಸಾರು ಮಾಡಿ, ಕಹಿ ಹದದಲ್ಲಿರುತ್ತದೆ. ಮುದ್ದೆಗೆ ಚೆನ್ನ.

ನಮ್ಮಲ್ಲಿ ಹೊಸಬನಾದ ಟರ್ನಿಪ್ ಉತ್ತರದಲ್ಲಿ ಮನೆಮಗ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಶಲ್ಗಂ ಎಂದರೇ ಬೇಗ ತಿಳಿಯುತ್ತದೆ. ಪಂಜಾಬಿನಲ್ಲಿ ಶುಂಠಿ ಹಾಕಿ ಜಜ್ಜಿ ಭರ್ತಾ ಮಾಡುತ್ತಾರೆ. ಕಾಶ್ಮೀರದಲ್ಲಿ ಇದರ ಹೆಸರು ಗೋಗ್ಜಿ, ರಾಜ್ಮಾ ಜೊತೆ ಬೇಯಿಸುತ್ತಾರೆ, ಬಿಲ್ಲೆ ಕೊಯ್ದು ದಾರದಲ್ಲಿ ಪೋಣಿಸಿ ಒಣಗಿಸಿ ಹಿಮ ಬೀಳುವ ದಿನಗಳಿಗೆ ಇಟ್ಟುಕೊಳ್ಳುತ್ತಾರೆ. ನಾನು ಉತ್ತರದವರಿಂದ ಕಡ ತಂದದ್ದು ನೀರುಪ್ಪಿನಕಾಯಿ. ಅರ್ಧ ಕೆ.ಜಿ. ಗೆಡ್ಡೆಯನ್ನು ಬಿಲ್ಲೆ ಮಾಡಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದು, ಬಟ್ಟೆಯ ಮೇಲೆ ಆರಹಾಕಿ. ಎರಡು ಚಮಚ ಸಾಸಿವೆ ಪುಡಿ, ಒಂದು ಚಮಚ ಖಾರದ ಪುಡಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಬೆರೆಸಿ ಗಾಜಿನ ಭರಣಿಗೆ ತುಂಬಿ. ಕುದಿಸಿ ಆರಿಸಿದ ನೀರಿಗೆ ಲೀಟರ್‌ಗೆ 30 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ, ಬಿಲ್ಲೆಗಳೆಲ್ಲ ಮುಳುಗುವಷ್ಟು ಸುರಿಯಿರಿ. ಮೇಲೆ ತೇಲಿದ್ದಕ್ಕೆ ಬೂಷ್ಟು ಹಿಡಿಯುತ್ತದೆ, ಒಂದು ಸಣ್ಣ ಬಟ್ಟಲನ್ನು ಭಾರಕ್ಕೆ ಇಡಿ. ಬಿಸಿಲಿನಲ್ಲಿ ಮೂರು ನಾಲ್ಕು ದಿನ ಇಟ್ಟರೆ ಮೊಸರು ಹುಳಿಯುವ ಹಾಗೆಯೇ ಇದೂ ಹುಳಿಯುತ್ತದೆ. ಹದ ಬಂದ ಮೇಲೆ ಫ್ರಿಜ್‌ಗೆ ಹಾಕಿ ಎರಡು ವಾರದೊಳಗೆ ಮುಗಿಸಿ. ಬಿಲ್ಲೆ ಖಾಲಿಯಾದ ಮೇಲೆ ಭರಣಿಯಲ್ಲಿ ಉಳಿದ ಹುಳಿ ನೀರು ನಮ್ಮ ಮನೆಯಲ್ಲಿ ಮೊಸರನ್ನಕ್ಕೆ ಹೋಗುತ್ತದೆ.