ಪಿಕಪ್‌ಗೆ ಹೊಂದುವ ಟೈರು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆ.ಜಿ. ಲೆಕ್ಕ. ನೂರು ಬಾಕ್ಸ್ ಹೇರಿದ ಪಿಕಪ್ ಒಂದೂವರೆ ಟನ್ ಹೊತ್ತು ಹೆದ್ದಾರಿಗೆ ಇಳಿಯುತ್ತದೆ. ಗಾಡಿಯ ತೂಕವೂ ಸೇರಿ ಅಷ್ಟೂ ಭಾರ ನೆಲ ಮುಟ್ಟುವುದು ನಾಲ್ಕೇ ನಾಲ್ಕು ಸಣ್ಣ ಜಾಗಗಳಲ್ಲಿ. ಆ ಭಾರವನ್ನು ಎತ್ತಿ ಹಿಡಿಯುವುದು ಟೈರಿನೊಳಗಿನ ಗಾಳಿ. ಟೈರು ಆ ಗಾಳಿಯನ್ನು ತುಂಬಿಟ್ಟ ಪಾತ್ರೆ. ಹೊಸ ಟೈರು ಕೊಳ್ಳುವಾಗ ಪಾತ್ರೆ ಎಷ್ಟು ತಾಳುತ್ತದೆ ಎಂದು ಮೊದಲು ಕೇಳಬೇಕು. ಅಂದಚಂದದ ಮಾತು ಆಮೇಲೆ.

ಅಳತೆ ಓದುವ ಬಗೆ

ಹಳೆಯ ಟೈರಿನ ಪಕ್ಕೆಯಲ್ಲಿ ‘215/75 ಆರ್ 15’ ಎಂದಿದೆ ಎನ್ನಿ. 215 ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ. 75ರಷ್ಟು, ಅಂದರೆ ಸುಮಾರು 161 ಮಿ.ಮೀ. ‘ಆರ್’ ರೇಡಿಯಲ್ ಎಂಬುದರ ಗುರುತು. 15 ಡಿಸ್ಕಿನ ವ್ಯಾಸ, ಇಂಚುಗಳಲ್ಲಿ. ಮೇಲಿನ ಪಕ್ಕೆ, ಡಿಸ್ಕು, ಕೆಳಗಿನ ಪಕ್ಕೆ ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 704 ಮಿ.ಮೀ.

‘ಇನ್ನೊಂಚೂರು ದಪ್ಪ ಇರಲಿ’ ಎಂದು 235/75 ಆರ್ 15 ಹಾಕಿಸಿದರೆ ಎತ್ತರ 734 ಆಗುತ್ತದೆ. ಗಾಡಿ ನೆಲದಿಂದ 15 ಮಿ.ಮೀ. ಮೇಲೇಳುತ್ತದೆ, ನಿಜ. ಆದರೆ ಚಕ್ರದ ಪ್ರತಿ ಸುತ್ತಿಗೂ ಶೇ. 4ಕ್ಕಿಂತ ಹೆಚ್ಚು ದೂರ ಸಾಗುವುದರಿಂದ, ಮೊದಲು ಸರಿಯಿದ್ದ ಸ್ಪೀಡೋಮೀಟರ್ 60 ತೋರಿಸುವಾಗ ವೇಗ 62 ದಾಟಿರುತ್ತದೆ. ಹೇರು ತುಂಬಿ ಘಟ್ಟ ಹತ್ತುವಾಗ ಎಳೆತ ಸಾಲದು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಲೂಬಹುದು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಗೇ ನಿಲ್ಲುವುದು ಕ್ಷೇಮ.

ಭಾರದ ಸಂಖ್ಯೆ

ಅಳತೆಯ ಮುಂದೆಯೇ ಲೋಡ್ ಇಂಡೆಕ್ಸ್ ಇರುತ್ತದೆ. 100 ಎಂದಿದ್ದರೆ ಟೈರೊಂದು 800 ಕೆ.ಜಿ. ಹೊರಬಲ್ಲದು, 106 ಎಂದಿದ್ದರೆ 950, 112 ಎಂದಿದ್ದರೆ 1,120. ಒಂದೇ ಅಳತೆಯ ಎರಡು ಟೈರುಗಳಲ್ಲಿ ಈ ಸಂಖ್ಯೆ ಬೇರೆಬೇರೆ ಇರಬಹುದು. ಕೊಳ್ಳುವವರು ಎಡವುವುದು ಇಲ್ಲೇ.

ಹಿಂದಿನ ಆಕ್ಸಲ್ ಮೇಲೆ 1,800 ಕೆ.ಜಿ. ಬಿದ್ದರೆ ಟೈರೊಂದರ ಪಾಲು 900. 106ರ ಟೈರು ತಾಳುತ್ತದೆ. ಅದೇ ಅಳತೆಯ 100ರ ಟೈರು ಕಡಿಮೆ ಬೆಲೆಗೆ ಸಿಕ್ಕಿತೆಂದು ಹಾಕಿಸಿದರೆ, ಅದರ ಪಕ್ಕೆ ಪ್ರತಿ ಸುತ್ತಿಗೂ ಮಿತಿಮೀರಿ ಬಾಗಿ ಕಾಯುತ್ತದೆ. ಏಪ್ರಿಲ್ ಬಿಸಿಲಿನ ರಸ್ತೆಯಲ್ಲಿ ಟೈರು ಸಿಡಿಯುವುದಕ್ಕೆ ಇಷ್ಟು ಸಾಕು.

‘8 ಪಿಆರ್’ ಎಂಬಂಥ ಬರಹ ಹಿಂದೊಮ್ಮೆ ಟೈರಿನೊಳಗಿನ ಹತ್ತಿಬಟ್ಟೆಯ ಪದರಗಳ ಎಣಿಕೆಯಾಗಿತ್ತು. ಈಗ ಬಲದ ಗುರುತಾಗಿ ಉಳಿದಿದೆ. ಬಲದ ಟೈರಿಗೂ ತಕ್ಕಷ್ಟು ಗಾಳಿ ಬೇಕು. ಕಾರಿಗೆ ಹಿಡಿಸುವಷ್ಟೇ ಗಾಳಿ ತುಂಬಿದರೆ ಅದು ಬರೆದಷ್ಟು ಭಾರ ಹೊರಲಾರದು.

ದಾರಿಗೆ ತಕ್ಕ ಗ್ರಿಪ್

ದಿನವೂ ಡಾಂಬರು ರಸ್ತೆಯಲ್ಲೇ ಓಡುವ ಗಾಡಿಗೆ ಉದ್ದುದ್ದ ಗೀರುಗಳ ಹೈವೇ ಟೈರು ಸಾಕು: ಸದ್ದು ಕಡಿಮೆ, ಡೀಸೆಲ್ ಉಳಿತಾಯ, ಮಳೆನೀರು ಬೇಗ ಹರಿದುಹೋಗುತ್ತದೆ. ಮಲೆನಾಡಿನ ತೋಟದ ಕೆಸರಿನಲ್ಲಿ ದಿನವೂ ಹೊರಳಾಡುವ ಗಾಡಿಗೆ ದೊಡ್ಡ ಬಟನ್‌ಗಳ ಟೈರು ಬೇಕು. ಆದರೆ ಅದು ಒದ್ದೆ ಡಾಂಬರಿನ ಮೇಲೆ ಅಷ್ಟು ಹಿಡಿತ ಕೊಡದು. ಎರಡೂ ಬಗೆಯ ದಾರಿ ಇದ್ದವರಿಗೆ ನಡುವಿನದಾದ ಆಲ್ ಟೆರೇನ್ ಟೈರು ಒಳ್ಳೆಯದು.

ಅಂಗಡಿಯಲ್ಲಿ ನೋಡಿಕೊಳ್ಳಿ

• ಐಎಸ್‌ಐ ಗುರುತು ಇರಲೇಬೇಕು.
• ಪಕ್ಕೆಯ ನಾಲ್ಕಂಕಿ ತಯಾರಿಕೆಯ ಕಾಲ ಹೇಳುತ್ತದೆ: 2324 ಎಂದರೆ 2024ರ 23ನೇ ವಾರ.
• ಒಂದೇ ಆಕ್ಸಲ್ಲಿಗೆ ಒಂದೇ ಬಗೆಯ ಜೋಡಿ ಹಾಕಿಸಿ.
• ಗ್ರಿಪ್ 1.6 ಮಿ.ಮೀ.ಗೆ ಇಳಿಯುವವರೆಗೆ ಕಾಯಬೇಡಿ. ಅದು ಕಾನೂನಿನ ಕೊನೆಯ ಗೆರೆ.

ಹಳೆಯ ಟೈರನ್ನು ಬಿಸಾಡುವ ಮುನ್ನ ಒಮ್ಮೆ ಸವರಿ ನೋಡಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು, ಇಲ್ಲವೇ ಹೇರು ಹೆಚ್ಚಾಗಿತ್ತು. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಿತ್ತು. ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅದನ್ನು ಸರಿಪಡಿಸದಿದ್ದರೆ, ಎಷ್ಟೇ ಬೆಲೆಯ ಹೊಸ ಟೈರೂ ಅದೇ ಜಾಗದಲ್ಲಿ ಬೋಳಾಗುತ್ತದೆ.