ಎರಡು ಬಾಗಿಲಿನ ಕೊಳವೆ

“ಚಿಕ್ಕಮ್ಮ, ನೀರಿನಡಿ ಬಾಗಿಲು ತೆಗೆದ್ರೆ ಸಬ್‌ಮರೀನ್ ಒಳಗೆ ನೀರು ನುಗ್ಗೋದಿಲ್ವಾ?”

ನೇತಾಜಿ ಸುಭಾಷ್‌ಚಂದ್ರ ಬೋಸರು ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ಹೊರಟ ಕಥೆಯನ್ನು ಅಕ್ಕನ ಮಗನಿಗೆ ಹೇಳುತ್ತಿದ್ದಾಗ ಅವನು ಕೇಳಿದ ಪ್ರಶ್ನೆಯಿದು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಕಾಮರ್ಸ್ ವಿದ್ಯಾರ್ಥಿ. ನಾನೋ ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಸಂಸಾರ ನೋಡಿಕೊಂಡವಳು. ಟಾರ್ಪೆಡೊ ಎಂದರೆ ನೀರಿನಲ್ಲಿ ಓಡುವ ಬಾಂಬು ಎಂಬುದರಾಚೆ ನನಗೇನೂ ಗೊತ್ತಿರಲಿಲ್ಲ. ಹುಡುಗನ ಮುಂದೆ ಸೋಲಬಾರದೆಂದು ಓದಿ ತಿಳಿದುಕೊಂಡೆ. ಅವನಂಥ ನಮ್ಮ ಯುವ ಓದುಗರಿಗೂ ಹೇಳೋಣವೆನಿಸಿತು.

ನಮ್ಮ ನಗರದ ಹಳೆಯ ಕಟ್ಟಡಗಳ ಲಿಫ್ಟು ನೆನಪಿಸಿಕೊಳ್ಳಿ. ಎರಡು ಜಾಲರಿ ಬಾಗಿಲುಗಳೂ ಸರಿಯಾಗಿ ಮುಚ್ಚದಿದ್ದರೆ ಅದು ಮಿಸುಕುವುದಿಲ್ಲ. ಟಾರ್ಪೆಡೊ ಕೊಳವೆಗೂ ಎರಡು ಬಾಗಿಲು. ಒಂದು ನೌಕೆಯ ಒಳಕ್ಕೆ, ಇನ್ನೊಂದು ಸಮುದ್ರಕ್ಕೆ. ಎರಡೂ ಒಟ್ಟಿಗೆ ತೆರೆದರೆ ಎಲ್ಲರ ಕಥೆಯೂ ಮುಗಿದಂತೆ. ಆದ್ದರಿಂದ ಒಂದು ತೆರೆದಿರುವಾಗ ಇನ್ನೊಂದು ತೆರೆಯದಂತೆ ಕೊಂಡಿ ಇರುತ್ತಿತ್ತು.

ಎರಡನೇ ಮಹಾಯುದ್ಧದ ಜರ್ಮನ್ ಟಾರ್ಪೆಡೊ ಸುಮಾರು 7 ಮೀಟರ್ ಉದ್ದ, 53 ಸೆಂಟಿಮೀಟರ್ ದಪ್ಪ, ಒಂದೂವರೆ ಟನ್ ಭಾರ. ಇಕ್ಕಟ್ಟಾದ ಕೋಣೆಯಲ್ಲಿ ಸರಪಳಿ, ರಾಟೆ ಕಟ್ಟಿ ನಾವಿಕರು ಅದನ್ನು ಕೊಳವೆಯೊಳಕ್ಕೆ ತಳ್ಳಿ ಒಳಬಾಗಿಲು ಹಾಕುತ್ತಿದ್ದರು. ಆಮೇಲೆ ಅದರ ಸುತ್ತ ಉಳಿದ ಜಾಗಕ್ಕೆ ನೀರು ತುಂಬಬೇಕು. ಏಕೆಂದರೆ 10 ಮೀಟರ್ ಆಳದಲ್ಲೇ ಅಷ್ಟಗಲದ ಬಾಗಿಲನ್ನು ಸಮುದ್ರ ಎರಡು ಟನ್ನಿಗೂ ಮೀರಿದ ಬಲದಿಂದ ಒತ್ತುತ್ತದೆ. ಕುಕ್ಕರಿನ ಒತ್ತಡ ಇಳಿಯದೆ ಮುಚ್ಚಳ ತೆಗೆಯಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗಿನ ಒತ್ತಡವೂ ಹೊರಗಿನದೂ ಸಮವಾದ ಮೇಲೆಯೇ ಹೊರಬಾಗಿಲು ತೆರೆಯುವುದು.

ನಂತರ ಒತ್ತಿಹಿಡಿದ ಗಾಳಿಯನ್ನು ಬಿಟ್ಟು ಟಾರ್ಪೆಡೊವನ್ನು ಹೊರದೂಡುತ್ತಾರೆ. ಆ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆದ್ದರೆ ಶತ್ರುವಿಗೆ ನೌಕೆ ಇರುವ ಜಾಗ ತಿಳಿದುಬಿಡುತ್ತದೆ. ಅದಕ್ಕೇ ಜರ್ಮನರು ಟಾರ್ಪೆಡೊದ ಹಿಂದೆ ಒಂದು ಪಿಸ್ಟನ್ ಇಟ್ಟರು, ನಮ್ಮ ಹೋಳಿ ಪಿಚಕಾರಿಯ ಹಾಗೆ. ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಟಾರ್ಪೆಡೊವನ್ನು. ಕೆಲಸ ಮುಗಿದ ಗಾಳಿಯನ್ನು ಮತ್ತೆ ನೌಕೆಯೊಳಕ್ಕೇ ಬಿಟ್ಟುಕೊಳ್ಳುತ್ತಿದ್ದರು.

ಎಂಥ ಜಾಣತನ! ಆದರೆ ಆ ಜಾಣತನವೇ ಅವರಿಗೆ ತೊಡಕನ್ನೂ ತಂದಿತು. ಯುದ್ಧದ ಮೊದಲ ವರ್ಷಗಳಲ್ಲಿ, ಮುಖ್ಯವಾಗಿ 1940ರ ಏಪ್ರಿಲ್‌ನಲ್ಲಿ ನಾರ್ವೆಯ ಬಳಿ, ಜರ್ಮನ್ ಟಾರ್ಪೆಡೊಗಳು ಮೇಲಿಂದ ಮೇಲೆ ವಿಫಲವಾದವು. ಸಿಡಿಸುವ ಸಾಧನದಲ್ಲೂ ದೋಷವಿತ್ತು. ಜೊತೆಗೆ ಅನೇಕ ಟಾರ್ಪೆಡೊಗಳು ಹಡಗಿನ ಕೆಳಗೇ ಹಾದುಹೋಗುತ್ತಿದ್ದವು. ಅದರ ಒಂದು ಕಾರಣ 1942ರಲ್ಲಿ ಬಯಲಾಯಿತು. ಮುಳುಗಿದ ನೌಕೆಯೊಳಗೆ ಇಂಥ ಗಾಳಿ ಸೇರಿಸೇರಿ ಒತ್ತಡ ಏರುತ್ತದೆ. ಆಳವನ್ನು ನಿಯಂತ್ರಿಸಲು ಟಾರ್ಪೆಡೊದಲ್ಲಿದ್ದ ಗಾಳಿಗೂಡಿಗೆ ಆ ಒತ್ತಡ ಸೋರಿಹೋಗುತ್ತಿತ್ತು. ಪಾಪ, ಟಾರ್ಪೆಡೊ ತಾನಿನ್ನೂ ಮೇಲೇ ಇದ್ದೇನೆಂದು ಭ್ರಮಿಸಿ ಕೆಳಕ್ಕಿಳಿಯುತ್ತಿತ್ತು! ‘ಪಾಪ’ ಎಂದು ಬರೆದುಬಿಟ್ಟೆ. ಅದು ಗುರಿ ತಪ್ಪಿದಾಗಲೆಲ್ಲ ಮೇಲಿನ ಹಡಗಿನವರ ಜೀವ ಉಳಿಯಿತಲ್ಲ, ಕನಿಕರ ಯಾರ ಮೇಲಿರಬೇಕು?

ಈಗ ನೇತಾಜಿಯವರ ಕಥೆಗೆ ಬರೋಣ. 1943ರ ಫೆಬ್ರವರಿಯಲ್ಲಿ ಅವರೂ ಆಬಿದ್ ಹಸನರೂ ಕೀಲ್ ಬಂದರಿನಲ್ಲಿ ಹತ್ತಿದ ಯು-180ರಲ್ಲಿ ಮುಂದೆ ನಾಲ್ಕು, ಹಿಂದೆ ಎರಡು ಇಂಥ ಕೊಳವೆಗಳಿದ್ದವು. ಏಪ್ರಿಲ್ 18ರಂದು, ನೇತಾಜಿ ಒಳಗಿದ್ದಾಗಲೇ, ಅದು ಕಾರ್ಬಿಸ್ ಎಂಬ ಬ್ರಿಟಿಷ್ ತೈಲ ಹಡಗನ್ನು ಮುಳುಗಿಸಿತು. ಅದೇ ತಿಂಗಳ ಕೊನೆಗೆ ಮಡಗಾಸ್ಕರ್ ಸಮೀಪ, ಅಲ್ಲೋಲಕಲ್ಲೋಲ ಸಮುದ್ರದಲ್ಲಿ, ಅವರಿಬ್ಬರೂ ರಬ್ಬರ್ ದೋಣಿಯಲ್ಲಿ ಐ-29 ಎಂಬ ಜಪಾನಿ ಜಲಾಂತರ್ಗಾಮಿಗೆ ಸೇರಿದರು. ನನಗೆ ಗೊತ್ತಿದ್ದ ಕಥೆ ಇಷ್ಟೇ. ಇದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ!

ಓದುತ್ತ ಹೋದಾಗ ಇನ್ನೊಂದು ಸಂಗತಿ ಸಿಕ್ಕಿತು. ನೇತಾಜಿಯವರನ್ನು ಹತ್ತಿಸಿಕೊಳ್ಳುವ ಐದು ತಿಂಗಳ ಮುಂಚೆ ಇದೇ ಐ-29 ನಮ್ಮ ಮುಂಬಯಿಯಿಂದ ಹೊರಟ ಹಡಗೊಂದನ್ನು ಮುಳುಗಿಸಿತ್ತು. ‘ತಿಲಾವಾ’ ಅದರ ಹೆಸರು. 1942ರ ನವೆಂಬರ್ 20ರಂದು ಒಂಬೈನೂರಕ್ಕೂ ಹೆಚ್ಚು ಜನರನ್ನು ಹೊತ್ತು ಆಫ್ರಿಕಾಕ್ಕೆ ಹೊರಟಿತ್ತು. ಹೆಚ್ಚಿನವರು ನಮ್ಮವರೇ, ಹೊಟ್ಟೆಪಾಡಿಗೆ ಊರು ಬಿಟ್ಟು ಹೊರಟ ಭಾರತೀಯರು.

ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಾಗಾದ್ರೆ ನೇತಾಜಿಗೆ ಗೊತ್ತಿತ್ತಾ ಚಿಕ್ಕಮ್ಮ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮೇಲಿನ ನನ್ನ ಗೌರವವೇನೂ ಕುಗ್ಗಿಲ್ಲ, ಆದರೆ ಆ ಕಥೆಯನ್ನು ಮೊದಲಿನ ಹುರುಪಿನಿಂದ ಹೇಳಲು ಈಗ ನಾಲಗೆ ಏಳುವುದಿಲ್ಲ.

ನವೆಂಬರ್ 23ರ ನಸುಕಿನಲ್ಲಿ ಮೊದಲ ಟಾರ್ಪೆಡೊ ಬಡಿದಾಗ ತಿಲಾವಾ ಕೂಡಲೇ ಮುಳುಗಲಿಲ್ಲ. ಇನ್ನು ಭಯವಿಲ್ಲವೆಂದು ದೋಣಿಗಿಳಿದಿದ್ದ ಕೆಲವರು ಹಡಗಿಗೆ ಮರಳಿದರು. ಆಗ ಎರಡನೆಯದು ಬಂತು. 280 ಮಂದಿ ತೀರಿಕೊಂಡರು. ಬದುಕಿದವರಲ್ಲಿ ಬಹುತೇಕರನ್ನು ‘ಬರ್ಮಿಂಗ್‌ಹ್ಯಾಮ್’ ಯುದ್ಧನೌಕೆ ಎತ್ತಿಕೊಂಡು, ನವೆಂಬರ್ 27ರಂದು ಮತ್ತೆ ಮುಂಬಯಿ ಬಂದರಿಗೇ ತಂದಿಳಿಸಿತು.