ಸೆಖೆಯಲ್ಲೂ ಹೆಪ್ಪುಗಟ್ಟುತ್ತದೆ

ಪೈಪಿನೊಳಗೆ ಹೆಪ್ಪುಗಟ್ಟುವ ತಾಪತ್ರಯ ಹಿಮ ಬೀಳುವ ದೇಶದವರದ್ದು, ನಮಗೇಕೆ ಅದರ ಚಿಂತೆ ಎನ್ನುವವರು ಮಂಗಳೂರಿನ ತೈಲ ಶುದ್ಧೀಕರಣ ಘಟಕವನ್ನು ನೆನೆಯಬೇಕು. ಕಚ್ಚಾತೈಲದಿಂದ ಬೇರ್ಪಟ್ಟ ಗಂಧಕ ಮೊದಲು ಹೊರಬರುವುದು ಬಿಸಿ ದ್ರವವಾಗಿ. ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಕಲ್ಲು. ಕರಾವಳಿಯ ಮೇ ತಿಂಗಳ ಸೆಖೆಯೂ ಗಂಧಕದ ಪಾಲಿಗೆ ಕಡುಚಳಿಯೇ.

ಹಾಗಾದರೆ ಇನ್ನಷ್ಟು ಕಾಯಿಸಿದರಾಯಿತು ಎಂಬುದು ಎರಡನೆಯ ಭ್ರಮೆ. 160 ಡಿಗ್ರಿ ದಾಟಿತೋ, ನೀರಿನಂತೆ ಹರಿಯುತ್ತಿದ್ದ ಹಳದಿ ಗಂಧಕ ಕೆಂಗಂದು ಬಣ್ಣಕ್ಕೆ ತಿರುಗಿ ಜೋನಿಬೆಲ್ಲವನ್ನೂ ಮೀರಿಸುವಷ್ಟು ಮಂದವಾಗುತ್ತದೆ. ಎಂಟೆಂಟು ಪರಮಾಣುಗಳ ಉಂಗುರಗಳು ಬಿಚ್ಚಿಕೊಂಡು ಉದ್ದುದ್ದ ಸರಪಳಿಗಳಾಗುವುದೇ ಇದಕ್ಕೆ ಕಾರಣ. ಕಾಯಿಸದಿದ್ದರೆ ಕಲ್ಲು, ಅತಿಯಾಗಿ ಕಾಯಿಸಿದರೆ ಅಂಟು! ಆದ್ದರಿಂದ ನೇರ ಬೆಂಕಿಯ ಮಾತೇ ಇಲ್ಲ. ಗಂಧಕದ ಪೈಪನ್ನು ಇನ್ನೊಂದು ದೊಡ್ಡ ಪೈಪಿನೊಳಗಿಟ್ಟು, ನಡುವಿನ ಜಾಗದಲ್ಲಿ ಹಬೆ ಹಾಯಿಸುತ್ತಾರೆ. ಟ್ಯಾಂಕಿನೊಳಗಾದರೆ ಹಬೆಯ ಸುರುಳಿಗಳು. ಹಬೆಯ ಒತ್ತಡ ಹಿಡಿತದಲ್ಲಿದ್ದರೆ ಉಷ್ಣತೆಯೂ ಹಿಡಿತದಲ್ಲಿರುತ್ತದೆ.

ಇನ್ನು ಚಳಿದೇಶದ ನೀರಿನ ಪೈಪಿಗೆ ಬಂದರೆ, ದಪ್ಪನೆಯ ಹೊದಿಕೆ ಸುತ್ತಿದರೆ ಸಾಕು ಎಂಬ ನಂಬಿಕೆಯೂ ಉಂಟು. ಹೊದಿಕೆ ಶಾಖವನ್ನು ಹುಟ್ಟಿಸುವುದಿಲ್ಲ, ಇರುವುದು ಸೋರಿಹೋಗುವುದನ್ನು ನಿಧಾನಿಸುತ್ತದೆ, ಅಷ್ಟೆ. ನಿಂತ ನೀರು ಇಡೀ ರಾತ್ರಿ ಚಳಿಗೆ ಸಿಕ್ಕರೆ ಹೊದಿಕೆಯೊಳಗೂ ಮಂಜುಗಡ್ಡೆಯಾಗಬಲ್ಲದು. ಪೈಪಿನ ಮೈಗೆ ಹೀಟಿಂಗ್ ಕೇಬಲ್ ಕಟ್ಟಿದವರೂ ಪೂರ್ತಿ ನಿಶ್ಚಿಂತರಲ್ಲ: 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಆದಂತೆ ಕಡುಚಳಿಯ ಹೊತ್ತಿಗೇ ಕರೆಂಟ್ ಹೋದರೆ ಆ ಕೇಬಲ್ಲಿನಿಂದ ಏನು ಪ್ರಯೋಜನ?

ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಒಡೆಯುತ್ತದೆ ಎಂಬುದೂ ಎಲ್ಲ ಸಲ ನಿಜವಲ್ಲ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತಾ ಹೋಗಿ, ಗಡ್ಡೆಯೇ ಇಲ್ಲದ ಕಡೆ ಪೈಪು ಸೀಳಬಹುದು. ಚಳಿರಾತ್ರಿ ನಲ್ಲಿಯನ್ನು ತುಸು ತೊಟ್ಟಿಕ್ಕಲು ಬಿಡುವುದರ ದೊಡ್ಡ ಲಾಭ ಈ ಒತ್ತಡಕ್ಕೆ ದಾರಿ ಸಿಗುವುದು.

ಹೆಪ್ಪುಗಟ್ಟಿದ್ದನ್ನು ಕರಗಿಸುವಾಗಲೂ ಒತ್ತಡಕ್ಕೆ ದಾರಿ ಬಿಡುವ ಇದೇ ಲೆಕ್ಕ. ಗಂಧಕ ನೀರಿಗೆ ತದ್ವಿರುದ್ಧ, ಕರಗುವಾಗ ಹಿಗ್ಗುತ್ತದೆ. ನಡುವೆ ಕಾಯಿಸಿದರೆ ಎರಡೂ ಬದಿ ಗಟ್ಟಿಯಿದ್ದು ಪೈಪಿಗೇ ಅಪಾಯ. ಹಾಗಾಗಿ ತೆರೆದ ತುದಿಯಿಂದಲೇ ಶುರುಮಾಡಬೇಕು.

ಡಲ್ಲಾಸ್‌ನಲ್ಲೋ ಟೊರಾಂಟೊದಲ್ಲೋ ಮನೆ ಮಾಡಿಕೊಂಡಿರುವವರೇ, ಪೈಪು ಹೆಪ್ಪುಗಟ್ಟಿದರೆ ಮೊದಲು ನಲ್ಲಿ ತೆರೆಯಿರಿ. ಆಮೇಲೆ ನಲ್ಲಿಯ ಕಡೆಯಿಂದ ಒಳಮುಖವಾಗಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ನಿಧಾನವಾಗಿ ಕಾಯಿಸಿ. ಬೆಂಕಿ ಮಾತ್ರ ಹಿಡಿಯಬೇಡಿ.